ಹದ ಮತ್ತು ಮೊಳಕೆ: ಬೀಜ ಮೊಳೆಯುವಲ್ಲಿ ಪರಿಸರದ ಪಾತ್ರ

ಬೀಜ ಮೊಳೆಯುವ ವಿಷಯವನ್ನು ಸಸ್ಯಶಾಸ್ತ್ರಜ್ಞರು ಬರೆಯುವುದು ವಾಡಿಕೆ. ಚರಿತ್ರೆಯ ಅಧ್ಯಾಪಕರು ಇದಕ್ಕೆ ಕೈಹಾಕಿರುವುದೇಕೆಂದು ವಾಚಕರು ಕೇಳಬಹುದು. ನಾವು ತರಗತಿಗಳಲ್ಲಿ ಕಂದಾಯದ ಪದ್ಧತಿ, ಕೆರೆ ಕಾಲುವೆಗಳು, ಬರಗಾಲ, ರೈತರ ಸಾಲ ಇವುಗಳನ್ನು ವಿವರಿಸುತ್ತೇವೆ. ಇವೆಲ್ಲವೂ ಬೆಳೆಯನ್ನು ಅವಲಂಬಿಸಿದ ಸಂಗತಿಗಳು. ಆ ಬೆಳೆಯಾದರೋ ಬಿತ್ತನೆಯಾದ ನಂತರದ ನಾಲ್ಕೈದು ದಿನಗಳಲ್ಲಿ ಮಣ್ಣಿನ ಒಳಗೆ ನಡೆಯುವ, ಯಾವ ದಫ್ತರದಲ್ಲಿಯೂ ದಾಖಲಾಗದ ಒಂದು ವ್ಯಾಪಾರವನ್ನು ಅವಲಂಬಿಸಿದೆ. ಆ ದಿನಗಳು ಕೆಟ್ಟರೆ ಮುಂದಿನ ಲೆಕ್ಕವೆಲ್ಲವೂ ಕೆಟ್ಟಂತೆಯೇ. ಆದುದರಿಂದ ಆ ವ್ಯಾಪಾರವು ಹೇಗೆ ನಡೆಯುತ್ತದೆ, ಪರಿಸರದ ಯಾವ ಯಾವ ಅಂಶಗಳು ಅದನ್ನು ನಡೆಸುತ್ತವೆ ಅಥವಾ ತಡೆಯುತ್ತವೆ, ನಮ್ಮ ನಾಡಿನ ಬೇಸಾಯಗಾರರು ಅವುಗಳನ್ನು ಹೇಗೆ ಅರಿತುಕೊಂಡಿದ್ದರು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸಬೇಕೆಂದಿದ್ದೇವೆ.

ವಿಚಾರಣೆಗೆ ನಾವು ಆರಿಸಿಕೊಂಡಿರುವುದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯನ್ನು, ಅದರಲ್ಲಿಯೂ ಎನ್. ಬೇಗೂರಿನ ಸುತ್ತಣ ಪ್ರದೇಶವನ್ನು. ಇದು ಕಾಡಂಚಿನ ನಾಡು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯವಲಯಕ್ಕೆ ಈ ಊರಿನ ಹೆಸರೇ ಇದೆ. ವಯನಾಡಿನ ಬೆಟ್ಟಗಳನ್ನು ದಾಟಿ ಬರುವ ಮುಂಗಾರು ಇಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆಲ್ಲ ಕ್ಷೀಣಿಸುತ್ತದೆ. ರಾಗಿ, ಹತ್ತಿ, ತಂಬಾಕು, ಭತ್ತ ಇಲ್ಲಿನ ಬೆಳೆಗಳು. ಹೊಲದ ಬೀಜ ಮತ್ತು ಕಾಡಿನ ಬೀಜ ಎರಡನ್ನೂ ಒಂದೇ ನೋಟದಲ್ಲಿ ಕಾಣಬಹುದಾದ ಸ್ಥಳವಿದು.

1. ಮೊಳೆಯುವುದೆಂದರೇನು

ಒಣಗಿದ ಬೀಜವು ಸತ್ತ ವಸ್ತುವಲ್ಲ. ಅದರ ಜೀವವ್ಯಾಪಾರವು ಬಹುಮಟ್ಟಿಗೆ ನಿಂತಿರುತ್ತದೆ, ಅಷ್ಟೆ. ಅದು ಮತ್ತೆ ಎಚ್ಚರಗೊಳ್ಳುವುದನ್ನು ಶಾಸ್ತ್ರಜ್ಞರು ಮೂರು ಘಟ್ಟಗಳಾಗಿ ವಿಂಗಡಿಸಿರುವರು. ಮೊದಲನೆಯ ಘಟ್ಟದಲ್ಲಿ ಬೀಜವು ನೀರನ್ನು ಹೀರಿ ಉಬ್ಬುತ್ತದೆ. ಇದು ಕೇವಲ ಭೌತಿಕ ಕ್ರಿಯೆ. ಸತ್ತ ಬೀಜವೂ ನೀರನ್ನು ಹೀರಬಲ್ಲುದು. ಎರಡನೆಯ ಘಟ್ಟದಲ್ಲಿ ಹೀರಿಕೆಯು ನಿಧಾನವಾಗಿ, ಒಳಗಿನ ಕೆಲಸವು ಆರಂಭವಾಗುತ್ತದೆ. ರಾಗಿ, ಭತ್ತ ಮೊದಲಾದ ಧಾನ್ಯಗಳಲ್ಲಿ ಭ್ರೂಣವು ಜಿಬ್ಬರೆಲಿನ್ ಎಂಬ ಚೋದಕವನ್ನು ಹೊರಡಿಸುತ್ತದೆ. ಅದರ ಪ್ರೇರಣೆಯಿಂದ ಕಾಳಿನ ಹೊರಪದರವು ಕಿಣ್ವಗಳನ್ನು ಸ್ರವಿಸುತ್ತದೆ. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಭ್ರೂಣಕ್ಕೆ ಉಣಿಸುತ್ತವೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಸಾಧಾರಣ ರಾಗಿಹಿಟ್ಟಿಗಿಂತ ಸಿಹಿಯಾಗಿರುವುದೂ, ಕೂಸುಗಳಿಗೆ ಅದರ ಗಂಜಿಯನ್ನು ಕುಡಿಸುವುದೂ ಈ ಕಾರಣದಿಂದಲೇ. ಮೂರನೆಯ ಘಟ್ಟದಲ್ಲಿ ಮೊಳಕೆಯ ಬೇರು ಸಿಪ್ಪೆಯನ್ನು ಸೀಳಿಕೊಂಡು ಹೊರಬರುತ್ತದೆ.

ಈ ಮೂರು ಘಟ್ಟಗಳಲ್ಲಿ ಒಂದು ಹೊಸ್ತಿಲುಂಟು. ಬೇರು ಹೊರಬರುವ ಮೊದಲು ಬೀಜವು ಮತ್ತೆ ಒಣಗಿದರೂ ಸಾಮಾನ್ಯವಾಗಿ ಸಾಯುವುದಿಲ್ಲ. ಮುಂದಿನ ಮಳೆಗೆ ಅದು ಇನ್ನೂ ಬೇಗನೆ ಮೊಳೆಯುವುದೂ ಉಂಟು. ಬೇರು ಹೊರಬಂದ ಮೇಲಾದರೋ ಹಿಂದಿರುಗುವ ದಾರಿಯಿಲ್ಲ. ಆಗ ಮಣ್ಣು ಒಣಗಿದರೆ ಮೊಳಕೆಯೂ ಸಾಯುತ್ತದೆ. ಪರಿಸರವು ಬೀಜದ ಮೇಲೆ ಬೀರುವ ಪ್ರಭಾವವನ್ನೆಲ್ಲ ಈ ಹೊಸ್ತಿಲಿನ ಬಳಿ ನಿಂತು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಬೀಜವು ಹೊಸ್ತಿಲನ್ನು ಯಾವಾಗ ದಾಟಬೇಕು? ದಾಟಿದ ಮೇಲೆ ಬದುಕಲು ಬೇಕಾದುದು ಹೊರಗೆ ಇದೆಯೆ?

2. ನೀರು ಮತ್ತು ಗಾಳಿ

ಎನ್. ಬೇಗೂರಿನ ಕಡೆ ಹೋಗಿದ್ದಾಗ ಹಿರಿಯ ಬೇಸಾಯಗಾರರೊಬ್ಬರನ್ನು ನಾವು, ಮೊದಲ ಮಳೆ ಬಿದ್ದೊಡನೆ ಏಕೆ ಬಿತ್ತಲಿಲ್ಲವೆಂದು ಕೇಳಿದೆವು. “ಮಳೆ ಬಂತು ಅಂತ ಬಿತ್ತಬಾರದು ಮೇಷ್ಟ್ರೇ, ಹದ ಬಂತು ಅಂತ ಬಿತ್ತಬೇಕು” ಎಂದರು. ಹೊಲದಿಂದ ಒಂದು ಹಿಡಿ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಅದುಮಿ ತೋರಿಸಿದರು. ಉಂಡೆ ಕಟ್ಟದಿದ್ದರೆ ಹಸಿ ಸಾಲದು. ಕಟ್ಟಿದ ಉಂಡೆಯನ್ನು ಕೆಳಗೆ ಬಿಟ್ಟಾಗ ಒಡೆಯದೆ ಅಂಟಿಕೊಂಡೇ ಇದ್ದರೆ ನೀರು ಹೆಚ್ಚು. ಉಂಡೆ ಕಟ್ಟಿ, ಬಿದ್ದೊಡನೆ ಪುಡಿಯಾದರೆ ಅದೇ ಹದ.

ಈ ಪರೀಕ್ಷೆಯಲ್ಲಿ ಅಡಗಿರುವ ತತ್ತ್ವವು ಗಮನಾರ್ಹವಾದುದು. ಮೊಳೆಯುವ ಬೀಜವು ಉಸಿರಾಡುತ್ತದೆ. ಕೂಡಿಟ್ಟ ಆಹಾರವನ್ನು ಉರಿಸಿ ಶಕ್ತಿಯನ್ನು ಪಡೆಯಲು ಅದಕ್ಕೆ ಆಮ್ಲಜನಕವು ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರೂ ಇರಬೇಕು, ಗಾಳಿಯೂ ಇರಬೇಕು. ಸಂದುಗಳೆಲ್ಲವೂ ನೀರಿನಿಂದ ತುಂಬಿದರೆ ಬೀಜಕ್ಕೆ ಉಸಿರು ಕಟ್ಟುತ್ತದೆ. ನೀರು ಬಸಿದುಹೋಗಿ, ಕಣಗಳ ಸುತ್ತ ಅದರ ತೆಳುವಾದ ಪೊರೆ ಉಳಿದು, ನಡುವೆ ಗಾಳಿ ಆಡುವ ಸ್ಥಿತಿಯೇ ಹದ. ಶಾಸ್ತ್ರವು ಎರಡು ಅಂಶಗಳಾಗಿ ಬೇರ್ಪಡಿಸಿ ಹೇಳುವುದನ್ನು ನಮ್ಮ ಭಾಷೆಯು ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ಕೆಂಪುಮಣ್ಣಿನ ಹೊಲಗಳಲ್ಲಿ ಬಿತ್ತನೆಯ ಮೇಲೆ ಬಿರುಮಳೆ ಸುರಿದು ಬಿಸಿಲು ಕಾದರೆ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ. ರಾಗಿಯ ಕಾಳು ಅತಿ ಸಣ್ಣದು. ಅದರ ಮೊಳಕೆಗೆ ಆ ಹೆಪ್ಪನ್ನು ಒಡೆಯುವ ಬಲವಿಲ್ಲ. ಅದನ್ನು ಆಳವಾಗಿ ಬಿತ್ತಲಾಗದಿರುವುದಕ್ಕೂ ಕಾರಣವಿದೇ. ಕೂಡಿಟ್ಟ ಆಹಾರವು ಮೇಲೆ ಬರುವಷ್ಟರಲ್ಲಿ ಮುಗಿದುಹೋಗುತ್ತದೆ.

ನೀರು ಮತ್ತು ಗಾಳಿಯ ಈ ಹೊಂದಾಣಿಕೆಯನ್ನು ಭತ್ತದ ಬೇಸಾಯದಲ್ಲಿ ಇನ್ನೂ ಚೆನ್ನಾಗಿ ಕಾಣಬಹುದು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ ಎಂಬಾತನು ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಆತನ ಪ್ರವಾಸಕಥನವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಭತ್ತವನ್ನು ಬಿತ್ತುವ ಮೂರು ಕ್ರಮಗಳನ್ನು ಆತನು ಶ್ರೀರಂಗಪಟ್ಟಣದ ಸುತ್ತಣ ರೈತರಿಂದ ಕೇಳಿ, ಅವರ ಹೆಸರುಗಳಿಂದಲೇ ಬರೆದುಕೊಂಡನು: ಒಣಬೀಜವನ್ನು ಬಿತ್ತುವುದು ಬರಭತ್ತ, ಮೊಳಕೆ ಬರಿಸಿ ಬಿತ್ತುವುದು ಮೊಳೆಭತ್ತ, ಒಟ್ಲಿನಲ್ಲಿ ಪೈರು ಬೆಳೆಸಿ ಕಿತ್ತು ನೆಡುವುದು ನಾಟಿ.

ಚರಿತ್ರಕಾರರು ಇವನ್ನು ಬೇಸಾಯದ ಪದ್ಧತಿಗಳೆಂದು ಓದಿ ಮುಂದೆ ಸಾಗುವುದು ರೂಢಿ. ಅವುಗಳನ್ನು ಮೊಳೆಯುವಿಕೆಯ ದೃಷ್ಟಿಯಿಂದ ಓದಿದರೆ ಬೇರೊಂದು ಅರ್ಥವು ಹೊರಡುತ್ತದೆ. ಬೀಜವು ಹೊಸ್ತಿಲನ್ನು ದಾಟುವ ಅಪಾಯದ ಗಳಿಗೆಯನ್ನು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಗೆ ಇವು ಮೂರು ಉತ್ತರಗಳು. ಬರಭತ್ತದಲ್ಲಿ ಆ ಗಳಿಗೆಯನ್ನು ಹೊಲಕ್ಕೆ, ಮಳೆಯ ದಯೆಗೆ ಬಿಡುತ್ತಾರೆ. ಮೊಳೆಭತ್ತದಲ್ಲಿ ಅದನ್ನು ಮನೆಯ ಒಳಗೇ ಕಳೆಯುತ್ತಾರೆ: ಬೀಜವನ್ನು ನೆನೆಹಾಕಿ, ನೀರು ಬಸಿದು, ಹುಲ್ಲು ಮುಚ್ಚಿ ಕಾವು ಕೊಟ್ಟು, ಮೊಳಕೆ ಕಂಡ ಮೇಲೆ ಕೆಸರುಗದ್ದೆಯಲ್ಲಿ ಎರಚುತ್ತಾರೆ. ನಾಟಿಯಲ್ಲಿ ಸಣ್ಣ ಮಡಿಯೊಂದರಲ್ಲಿ ಕಣ್ಣೆದುರಿಗೆ ಕಾಪಾಡಿ ಕಳೆಯುತ್ತಾರೆ. ಅಪಾಯವು ಕಡಿಮೆಯಾದಂತೆ ದುಡಿಮೆಯೂ ನೀರಿನ ಖಾತ್ರಿಯೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಯಾವ ರೈತನು ಯಾವ ಕ್ರಮವನ್ನು ಹಿಡಿದನೆಂಬುದು ಆತನ ತಿಳಿವಳಿಕೆಯನ್ನು ಮಾತ್ರವಲ್ಲದೆ ಆತನ ಎತ್ತು, ಆಳು, ನೀರುಗಳ ಸ್ಥಿತಿಯನ್ನೂ ತಿಳಿಸುತ್ತದೆ.

ಭತ್ತಕ್ಕೆ ಒಂದು ವಿಶೇಷ ಶಕ್ತಿಯುಂಟು. ಆಮ್ಲಜನಕವಿಲ್ಲದ ನೀರಿನ ಅಡಿಯಲ್ಲಿಯೂ ಅದು ಮೊಳೆಯಲು ತೊಡಗಬಲ್ಲುದು. ಆದರೆ ಆಗ ಮೊಳಕೆಯ ಎಲೆಗವಚವು ಮಾತ್ರ ಗಾಳಿಯನ್ನು ಅರಸಿ ಮೇಲಕ್ಕೆ ನೀಳುತ್ತದೆ, ಬೇರು ಬೆಳೆಯುವುದಿಲ್ಲ. ಮೊಳೆಭತ್ತವನ್ನು ಎರಚಿದ ಮೇಲೆ ಗದ್ದೆಯ ನೀರನ್ನು ಬಸಿದು ಬಿಡುವ ರೂಢಿಗೆ ಇದೇ ಆಧಾರ.

3. ಉಷ್ಣತೆ

ಪ್ರತಿಯೊಂದು ಬೀಜಕ್ಕೂ ಉಷ್ಣತೆಯ ಒಂದು ಕೆಳಮಿತಿ, ಒಂದು ಮೇಲ್ಮಿತಿ, ಇವುಗಳ ನಡುವೆ ಅತ್ಯಂತ ಅನುಕೂಲವಾದ ಒಂದು ಮಟ್ಟ ಇರುತ್ತದೆ. ಭತ್ತವು ಸುಮಾರು 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಮೊಳೆಯದು. 30 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿ ಮೊಳೆಯುತ್ತದೆ. 40 ಡಿಗ್ರಿಯನ್ನು ಮೀರಿದರೆ ಹಿಂಜರಿಯುತ್ತದೆ. ಮೊಳೆಭತ್ತದ ರಾಶಿಯನ್ನು ಹುಲ್ಲಿನಿಂದ ಮುಚ್ಚುವುದು ಬೀಜಗಳು ಉಸಿರಾಡುವುದರಿಂದ ಹುಟ್ಟುವ ಕಾವನ್ನು ಹಿಡಿದಿಡುವುದಕ್ಕಾಗಿ. ನಡುನಡುವೆ ಕೈಯಾಡಿಸಿ ನೀರು ಚಿಮುಕಿಸುವುದು ಅದೇ ಕಾವು ಮಿತಿಮೀರದಿರುವುದಕ್ಕಾಗಿ.

ಹೈನು ರಾಗಿಯನ್ನು ಜೂನ್–ಜುಲೈ ತಿಂಗಳುಗಳಲ್ಲಿಯೂ, ಕಾರು ರಾಗಿಯನ್ನು ಅದಕ್ಕೆ ಮೊದಲೇ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಬಿತ್ತುವುದು ಹಳೆಯ ಮೈಸೂರಿನ ಪದ್ಧತಿ. ಭರಣಿ, ರೋಹಿಣಿ, ಆರಿದ್ರೆ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸುವ ಪಂಚಾಂಗವು ರೈತನಿಗೆ ದಿನವನ್ನು ಹೇಳುತ್ತದೆ. ಆದರೆ ಆತನು ದಿನವೊಂದನ್ನೇ ನಂಬುವುದಿಲ್ಲ. ಮುಷ್ಟಿಯ ಮಣ್ಣಿನಿಂದ ಅದನ್ನು ತಾಳೆ ನೋಡುತ್ತಾನೆ. ಪಂಚಾಂಗವು ಕಾಲವನ್ನು ಸೂಚಿಸುತ್ತದೆ, ಹದವು ಸ್ಥಿತಿಯನ್ನು ತಿಳಿಸುತ್ತದೆ.

4. ಬೆಳಕು

ಬೀಜಕ್ಕೆ ಕತ್ತಲೆಯೇ ಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಅದು ಎಲ್ಲ ಬೀಜಗಳಿಗೂ ಸಲ್ಲುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮುಖ್ಯ ವಾಣಿಜ್ಯ ಬೆಳೆಯಾದ ತಂಬಾಕೇ ಇದಕ್ಕೆ ನಿದರ್ಶನ. ಒಂದು ಗ್ರಾಂ ತೂಕದಲ್ಲಿ ತಂಬಾಕಿನ ಹತ್ತು ಸಾವಿರಕ್ಕೂ ಮೀರಿದ ಬೀಜಗಳಿರುತ್ತವೆ. ಇಷ್ಟು ಸಣ್ಣ ಬೀಜವು ಆಳದಲ್ಲಿ ಮೊಳೆತರೆ ಮೇಲೆ ಬರಲಾರದು. ಆದ್ದರಿಂದ ಬೆಳಕು ತಾಗಿದರೆ ಮಾತ್ರ ಚೆನ್ನಾಗಿ ಮೊಳೆಯುವ ಗುಣವು ಅದರಲ್ಲಿ ಬೆಳೆದುಬಂದಿದೆ. ಬೇಸಗೆಯಲ್ಲಿ ಸಸಿಮಡಿ ಮಾಡುವವರು ಬೀಜವನ್ನು ಮಣ್ಣಿನಲ್ಲಿ ಹೂಳುವುದಿಲ್ಲ. ಮರಳಿನಲ್ಲಿಯೋ ನೀರಿನಲ್ಲಿಯೋ ಬೆರೆಸಿ ಮಡಿಯ ಮೇಲೆ ಚೆಲ್ಲಿ, ತೆಳುವಾಗಿ ಹುಲ್ಲು ಹೊದಿಸಿ, ದಿನಕ್ಕೆ ಹಲವು ಸಲ ನೀರನ್ನು ಚಿಮುಕಿಸುತ್ತಾರೆ. ಹುಲ್ಲು ಬಿಸಿಲಿನ ಉರಿಯನ್ನು ತಡೆದು ತೇವವನ್ನು ಉಳಿಸುತ್ತದೆ. ಅದರ ಸಂದುಗಳಿಂದ ಇಳಿಯುವ ಬೆಳಕು ಬೀಜಕ್ಕೆ ಸಾಕಾಗುತ್ತದೆ.

ಬೆಳಕಿನ ಈ ಪ್ರಭಾವದ ಮರ್ಮವು ಹೊರಪಟ್ಟುದು 1952ರಲ್ಲಿ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕ್ಷೇತ್ರದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮೊದಲಾದವರು ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗ ನಡೆಸಿದರು. ಕೆಂಪು ಬೆಳಕು ಬೀಜವನ್ನು ಮೊಳೆಯಿಸಿತು. ಅದರ ಹಿಂದೆಯೇ ದೂರಗೆಂಪು ಬೆಳಕನ್ನು ಕೊಟ್ಟರೆ ಆ ಪ್ರೇರಣೆಯು ಅಳಿಸಿಹೋಯಿತು. ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬೆಳಕೇ ಫಲವನ್ನು ನಿರ್ಧರಿಸಿತು. ಈ ಬದಲಾವಣೆಯನ್ನು ಗ್ರಹಿಸುವ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂಬ ಹೆಸರು ಬಂದಿತು. ಹಸುರೆಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ದೂರಗೆಂಪನ್ನು ಕೆಳಗೆ ಬಿಡುತ್ತವೆ. ಹೀಗಾಗಿ ದಟ್ಟವಾದ ನೆರಳಿನ ಕೆಳಗಿರುವ ಎಷ್ಟೋ ಬೀಜಗಳು ಮೇಲೆ ಬಯಲಿಲ್ಲವೆಂಬುದನ್ನು ತಿಳಿದು ಸುಮ್ಮನಿರುತ್ತವೆ. ಮರವೊಂದು ಉರುಳಿ ಬೆಳಕು ಇಳಿದಾಗ ಅವು ಏಳುತ್ತವೆ.

ನೇಗಿಲಿನ ಬಾಯಿಗೆ ಸಿಕ್ಕಿ ಮೇಲೆ ಬಂದ ಕಳೆಬೀಜಗಳೂ ಹೀಗೆಯೇ. ಮೊದಲ ಮಳೆಗೆ ಬಿತ್ತದೆ ಉಳುವುದು, ಎದ್ದ ಕಳೆಯನ್ನು ಮುಂದಿನ ಉಳುಮೆಯಲ್ಲಿ ಮಗುಚುವುದು, ಅನಂತರ ಬಿತ್ತುವುದು ಎಂಬ ಕ್ರಮವು ಕಳೆಬೀಜಗಳನ್ನು ಹೊಸ್ತಿಲು ದಾಟಿಸಿ ಕೊಲ್ಲುವ ಉಪಾಯವಾಗಿದೆ. ತಮ್ಮ ಬೀಜಕ್ಕೆ ಒದಗಬಾರದೆಂದು ರೈತರು ಅಂಜುವ ಗತಿಯನ್ನೇ ಅವರು ಕಳೆಗೆ ಒದಗಿಸುತ್ತಾರೆ.

5. ಬೀಜದ ಸುಪ್ತಾವಸ್ಥೆ

ನೀರು, ಗಾಳಿ, ಉಷ್ಣತೆಗಳೆಲ್ಲವೂ ಅನುಕೂಲವಾಗಿದ್ದರೂ ಮೊಳೆಯದ ಬೀಜಗಳಿವೆ. ಈ ಸ್ಥಿತಿಗೆ ಸುಪ್ತಾವಸ್ಥೆಯೆಂದು ಹೆಸರು. ಹೊಲದ ಬೆಳೆಗಳಲ್ಲಿ ಮನುಷ್ಯನು ಸಾವಿರಾರು ವರ್ಷಗಳ ಆಯ್ಕೆಯಿಂದ ಇದನ್ನು ಬಹುಮಟ್ಟಿಗೆ ಕಳೆದಿದ್ದಾನೆ. ಕಾಡಿನ ಬೀಜಗಳಲ್ಲಿ ಅದು ಉಳಿದಿದೆ.

ತೇಗದ ಮರವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ ಬೀಜಗಳು ಗಟ್ಟಿಯಾದ ಓಟೆಯ ಒಳಗಿರುತ್ತವೆ. ಹೆಗ್ಗಡದೇವನಕೋಟೆಯ ಕಾಡುಗಳಿಂದ ವಯನಾಡಿನ ಬೆಟ್ಟಗಳಾಚೆ ಇಳಿದರೆ ಸಿಗುವ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರನಾಗಿದ್ದ ಕೊನೊಲಿಯು ತೇಗದ ತೋಪುಗಳನ್ನು ಬೆಳೆಸಲು ಹೊರಟಾಗ ಎದುರಾದ ಮೊದಲ ಅಡ್ಡಿಯು ಬೀಜ ಮೊಳೆಯದಿದ್ದುದೇ. ಹಲವು ಪ್ರಯೋಗಗಳು ವ್ಯರ್ಥವಾದ ಮೇಲೆ, ಚಾತು ಮೆನನ್ ಅವರ ಮೇಲ್ವಿಚಾರಣೆಯಲ್ಲಿ ಅಲ್ಲಿನ ತೋಪುಗಳು ಮೇಲೆದ್ದವು. ತೇಗದ ಬೀಜವನ್ನು ರಾತ್ರಿ ನೆನೆಹಾಕಿ ಹಗಲು ಬಿಸಿಲಿಗೆ ಒಣಗಿಸುವುದನ್ನು ಹಲವು ದಿನ ಮಾಡಿ ಬಿತ್ತುವುದು ಇಂದು ಅರಣ್ಯ ಇಲಾಖೆಗಳ ಸಾಮಾನ್ಯ ರೂಢಿ. ಮುಂಗಾರಿನ ಮುನ್ನ ಬಿಸಿಲು ಮಳೆಗಳು ಕಾಡಿನ ನೆಲದ ಮೇಲೆ ಮಾಡುವ ಕೆಲಸವನ್ನೇ ಇಲ್ಲಿ ಕೈಯಿಂದ ಮಾಡಿದಂತಾಯಿತು.

ಬಿದಿರಿನ ರೀತಿಯು ಇದಕ್ಕೆ ತದ್ವಿರುದ್ಧ. ಹೆಬ್ಬಿದಿರು ಸುಮಾರು ನಾಲ್ಕು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜವನ್ನು ರಾಶಿಯಾಗಿ ಉದುರಿಸಿ ಸಾಯುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ಬಂಡೀಪುರ, ವಯನಾಡುಗಳ ಬಿದಿರು ಹೀಗೆ ಹೂತು ಒಣಗಿತು. ಈ ಬೀಜಕ್ಕೆ ಕಾಯುವ ಶಕ್ತಿಯಿಲ್ಲ; ಬಂದ ಮಳೆಗೆ ಮೊಳೆಯಬೇಕು, ಇಲ್ಲವೆ ಕೆಡಬೇಕು. ತೇಗದ ಬೀಜಗಳು ಬೇರೆಬೇರೆ ವರ್ಷಗಳಿಗೆ ಹಂಚಿಹೋಗಿ ಅಪಾಯವನ್ನು ಹಂಚಿಕೊಂಡರೆ, ಬಿದಿರು ತನ್ನ ಸರ್ವಸ್ವವನ್ನೂ ಒಂದೇ ಮಳೆಗಾಲಕ್ಕೆ ಒಡ್ಡುತ್ತದೆ.

ಬಿತ್ತನೆಗೆ ಮುಂಚೆ ಬೀಜಕ್ಕೆ ಸಂಸ್ಕಾರ ಮಾಡುವ ವಿಚಾರವು ನಮ್ಮಲ್ಲಿ ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಪ್ರಕರಣವು ಬೀಜವನ್ನು ಹಾಲಿನಲ್ಲಿ ನೆನೆಸುವುದು, ಸಗಣಿಯಲ್ಲಿ ಹೊರಳಿಸುವುದು, ಧೂಪ ಹಾಕುವುದು ಮೊದಲಾದುವನ್ನು ಹೇಳುತ್ತದೆ. ಕ್ರಿ. ಶ. 1025ರ ಸುಮಾರಿನಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವು ಮೀಸಲಾಗಿದೆ. ಇವುಗಳಲ್ಲಿರುವುದೆಲ್ಲವೂ ಶಾಸ್ತ್ರಸಮ್ಮತವೆಂದು ಹೊಗಳುವುದು ಸಲ್ಲದು. ಎಲ್ಲವೂ ಮೌಢ್ಯವೆಂದು ತಳ್ಳುವುದೂ ಸಲ್ಲದು. ಒಂದೊಂದನ್ನೂ ಪರೀಕ್ಷಿಸಿ ನೋಡತಕ್ಕುದು. ಹತ್ತಿಬೀಜವನ್ನು ಸಗಣಿಯಲ್ಲಿ ಉಜ್ಜಿ ಬಿತ್ತುವ ರೂಢಿಯನ್ನೇ ನೋಡಬಹುದು. ಬೀಜದ ಮೇಲಣ ನುಣ್ಣನೆಯ ನಾರು ನೀರನ್ನು ಒಳಗೆ ಬಿಡದು, ಬೀಜಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಉಜ್ಜುವುದರಿಂದ ಈ ಎರಡು ತೊಂದರೆಗಳೂ ಕಡಿಮೆಯಾಗುತ್ತವೆ.

6. ಕೂಡಿಟ್ಟ ಬೀಜ

ಬೀಜವನ್ನು ಮೊಳೆಯಿಸುವ ಅಂಶಗಳೇ, ಅಕಾಲದಲ್ಲಿ ಒದಗಿದರೆ, ಅದನ್ನು ಕೆಡಿಸುತ್ತವೆ. ಬೀಜದಲ್ಲಿನ ತೇವವು ಶೇಕಡ 1ರಷ್ಟು ಇಳಿದರೆ, ಅಥವಾ ಉಗ್ರಾಣದ ಉಷ್ಣತೆಯು 5 ಡಿಗ್ರಿಯಷ್ಟು ಇಳಿದರೆ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆಂಬುದು ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಕೊಟ್ಟ ಸ್ಥೂಲವಾದ ಸೂತ್ರ. ಹಳೆಯ ಮೈಸೂರಿನ ಊರುಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಾಳಿನ ಉಸಿರಾಟದಿಂದ ಒಳಗಿನ ಆಮ್ಲಜನಕವು ತೀರಿ ಅಂಗಾರಾಮ್ಲವಾಯು ತುಂಬುತ್ತಿತ್ತು, ಹುಳುಗಳು ಬದುಕುತ್ತಿರಲಿಲ್ಲ. ಬಾಯಿ ತೆರೆದೊಡನೆ ಒಳಗಿಳಿದವನೂ ಬದುಕುತ್ತಿರಲಿಲ್ಲವಾದ್ದರಿಂದ ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು ನೋಡುವ ಎಚ್ಚರಿಕೆಯು ಬೇಕಾಗುತ್ತಿತ್ತು. ಇದು ಉಣ್ಣುವ ರಾಗಿಯ ಮಾತು. ಬಿತ್ತುವ ಕಾಳನ್ನು ಬೇರೆಯಾಗಿ ಆರಿಸಿ, ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ ಮಡಕೆಗಳಲ್ಲಿ ಕಾಪಾಡುತ್ತಿದ್ದರು. ಈ ಕೆಲಸವು ಹೆಚ್ಚಾಗಿ ಮನೆಯ ಹೆಂಗಸರದಾಗಿತ್ತು. ಕಂದಾಯದ ದಫ್ತರಗಳಲ್ಲಿ ಅವರ ಹೆಸರಿಲ್ಲ. ಆದರೆ ಮುಂದಿನ ವರ್ಷದ ಕಂದಾಯವು ಅವರ ಮಡಕೆಯಲ್ಲಿರುತ್ತಿತ್ತು.

7. ಹುಸಿ ಮಳೆ

ಈಗ ನಮ್ಮ ಮುಖ್ಯವಾದ ಮಾತಿಗೆ ಬರೋಣ. ಒಂದೆರಡು ಒಳ್ಳೆಯ ಮಳೆ ಬಿದ್ದು, ಬೀಜವು ಮೊಳೆತು, ಅನಂತರ ಎರಡು ಮೂರು ವಾರ ಮಳೆ ತಪ್ಪಿದರೆ ರೈತನ ನಷ್ಟವು ಮಳೆಯೇ ಬಾರದಿದ್ದುದಕ್ಕಿಂತ ಹೆಚ್ಚಿನದಾಗಬಹುದು. ಮಳೆ ಬಾರದಿದ್ದರೆ ಬೀಜವು ಮಡಕೆಯಲ್ಲಿ ಉಳಿಯುತ್ತದೆ. ಹುಸಿ ಮಳೆಗೆ ಬಿತ್ತಿದರೆ ಬೀಜವೂ ಹೋಗುತ್ತದೆ, ಮರುಬಿತ್ತನೆಗೆ ಸಾಲವೂ ಹುಟ್ಟುತ್ತದೆ. ಸರ್ಕಾರದ ತಕಾವಿ ಸಾಲಗಳ ಉದ್ದೇಶಗಳಲ್ಲಿ ಬಿತ್ತನೆಬೀಜವೂ ಸೇರಿದ್ದುದು ಆಕಸ್ಮಿಕವಲ್ಲ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1876–78ರ ಮಹಾಕ್ಷಾಮದ ತರುವಾಯ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂತಹ ಕಾಲದಲ್ಲಿ ಹಸಿದವರು ಬೀಜದ ಕಾಳನ್ನೂ ಉಣ್ಣಬೇಕಾಗುತ್ತದೆ. ಆಗ ಮಳೆಯು ಮರಳಿ ಬಂದರೂ ಬಿತ್ತಲು ಏನೂ ಉಳಿಯುವುದಿಲ್ಲ. ಕ್ಷಾಮವು ಒಂದು ವರ್ಷಕ್ಕೆ ಮುಗಿಯದೆ ಮುಂದಕ್ಕೆ ಎಳೆಯುವುದರ ಕಾರಣಗಳಲ್ಲಿ ಇದೊಂದು.

ಇಂದು ಕ್ಷಾಮದ ಭಯವು ಹಾಗಿಲ್ಲ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯು ನಾಲೆಯ ಕೆಳಗಿನವರಿಗೆ ನೀರಿನ ಖಾತ್ರಿಯನ್ನು ಕೊಟ್ಟಿದೆ. ಆದರೆ ಕಾಡಂಚಿನ ಮಳೆಯಾಶ್ರಿತ ಹೊಲಗಳಲ್ಲಿ ಹುಸಿ ಮಳೆಯ ಅಪಾಯವು ಉಳಿದೇ ಇದೆ; ಮಾತ್ರವಲ್ಲ, ಅದರ ಸ್ವರೂಪವು ಬದಲಾಗಿದೆ. ಹತ್ತಿಯ ಸಂಕರ ಬೀಜವನ್ನು ವರ್ಷವರ್ಷವೂ ಹಣ ಕೊಟ್ಟು ಕೊಳ್ಳಬೇಕು. ಒಣಗಿಹೋದ ಮೊಳಕೆಯು ಈಗ ಮಡಕೆಯ ಕಾಳಲ್ಲ, ಅಂಗಡಿಯ ಸಾಲ. 1966ರ ಬೀಜ ಕಾಯಿದೆಯ ತರುವಾಯ ಪ್ರಮಾಣಿತ ಬೀಜಕ್ಕೆ ಮೊಳೆಯುವಿಕೆಯ ಕನಿಷ್ಠ ಮಟ್ಟವು ಗೊತ್ತಾಗಿದೆ: ಭತ್ತಕ್ಕೆ ಶೇಕಡ 80, ರಾಗಿಗೆ ಶೇಕಡ 75. ಇದು ಅಗತ್ಯವಾದ ರಕ್ಷಣೆ. ಆದರೆ ಚೀಲದ ಮೇಲಿನ ಆ ಅಂಕಿಯು ಪ್ರಯೋಗಾಲಯದಲ್ಲಿ ನೀರು, ಗಾಳಿ, ಉಷ್ಣತೆಗಳನ್ನು ಹದವಾಗಿಟ್ಟು ಎಣಿಸಿದುದು. ಹೊಲವು ಆ ಹದವನ್ನು ಕೊಡುವುದೆಂದು ಯಾವ ಚೀಲವೂ ಹೇಳಲಾರದು. ಬೀಜದ ಗುಣವನ್ನು ಕೊಳ್ಳಬಹುದು, ಹದವನ್ನು ಕಾಯಬೇಕು. ಕಾಯುವ ಶಕ್ತಿಯಾದರೋ ಎಲ್ಲರಿಗೂ ಸಮನಾಗಿಲ್ಲ. ಬಾಡಿಗೆಯ ಟ್ರ್ಯಾಕ್ಟರಿಗೆ ಸರದಿ ನಿಂತಿರುವವನು ಹದ ಬಂದ ದಿನವಲ್ಲ, ಗಾಡಿ ಬಂದ ದಿನ ಬಿತ್ತಬೇಕಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ನೀರು, ಗಾಳಿ, ಉಷ್ಣತೆ, ಬೆಳಕು ಇವು ಬೀಜದ ಮೇಲೆ ಒಂದೊಂದಾಗಿ ಅಲ್ಲದೆ ಕೂಡಿಕೊಂಡೇ ಪ್ರಭಾವ ಬೀರುತ್ತವೆ. ಅವು ಕೂಡಿಬರುವ ಸ್ಥಿತಿಯನ್ನು ನಮ್ಮ ಬೇಸಾಯಗಾರರು ಹದವೆಂದು ಕರೆದು, ಅದಕ್ಕೆ ತಕ್ಕಂತೆ ಬಿತ್ತನೆಯ ಕ್ರಮಗಳನ್ನು ರೂಪಿಸಿಕೊಂಡರು. ಈ ಕ್ರಮಗಳನ್ನು ಚರಿತ್ರೆಯ ಆಕರಗಳೆಂದು ಓದುವುದು ನಮ್ಮ ಕರ್ತವ್ಯ. ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ಹಿರಿಯರನ್ನು ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಬರಲಿ: ಬೀಜವನ್ನು ಎಲ್ಲಿ ಇಡುತ್ತಿದ್ದಿರಿ? ಯಾವ ಮಳೆಗೆ ಬಿತ್ತುತ್ತಿದ್ದಿರಿ? ಬಿತ್ತಿದ್ದು ಒಣಗಿದ ವರ್ಷ ಏನು ಮಾಡಿದಿರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರವು ಯಾವ ದಫ್ತರದಲ್ಲಿಯೂ ದೊರೆಯದು. ಅದನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿಕೊಳ್ಳುವುದು ಒಳಿತು.